ಹುಮೈರಾ ಕಳಿಸಿದ ಏಳು ನಿಮಿಷ

ಮಗಳು ಹೇಗೆ ಸತ್ತಳೆಂದು ಲಕ್ಷ್ಮಿಬಾಯಿ ಕೇಳಿಸಿಕೊಳ್ಳುವ ಮೊದಲೇ, ಆ ಧ್ವನಿಸಂದೇಶವನ್ನು ಅವಳ ಫೋನಿನಿಂದ ಮೈದುನ ಬಾಹುಬಲಿ ಅಳಿಸಿಹಾಕಿದ. ಏಳು ನಿಮಿಷದ್ದು. ಕಳಿಸಿದವಳ ನಂಬರನ್ನೂ ತೆಗೆದ.

ಅಂಗಳದಲ್ಲಿ ಕುವೈತಿನಿಂದ ಬಂದ ಪೆಟ್ಟಿಗೆಯ ಮೊಳೆ ಕೀಳುತ್ತಿದ್ದರು. ಅಲ್ಲಿ ನರ್ಸ್ ಆಗಿದ್ದ ಇಪ್ಪತ್ತೇಳರ ಸನ್ಮತಿ ಸತ್ತ ಆರನೆಯ ದಿನ ಏಕಸಂಬಿಗೆ ಬಂದಿದ್ದಳು.

"ಖೋಲಿಯೊಳಗ ಮಲಗಿದಾಗ ಹಾರ್ಟ್ ನಿಂತೈತಿ ಅಂತ ದವಾಖಾನಿಯವ್ರು ಬರದಾರಲ್ಲ ವೈನಿ. ಮತ್ತೇನ್ ಕೇಳೂದೈತಿ?" ಬಾಹುಬಲಿ ಅತ್ತಿಗೆಗೆ ಹೇಳಿದ.

"ನೀರ ಕೇಳಿದ್ಲೋ, ನನ್ನ ಕರದ್ಲೋ, ಅದನ್ನ ಬರದಾರೇನಪಾ? ಬಾಜೂಕ ಇದ್ದಾಕಿ ಹುಮೈರಾ ಒಬ್ಬಾಕೀನ."

"ಆಕಿ ಲಾಹೋರದಾಕಿ! ಇವತ್ತ ನಾಳೆ ಯುದ್ಧ ಸುರು ಆಕ್ಕೈತಿ. ಪೊಲೀಸ್ರು ಬಾಗಲಕ್ಕ ಬಂದ್ರ ಸಣ್ಣಾಕಿ ಮೇಘಾನ ಲಗ್ನ ಹೆಂಗ ಮಾಡ್ತೀರಿ?"

"ಯುದ್ಧ ಆಮ್ಯಾಲ ಮಾಡ್ರಿ," ನೆರೆಮನೆಯ ಶೈಲಾ ಗೊಣಗಿದಳು. "ಹೆಣಕ್ಕ ಹೆಗಲ ಕೊಡಾಕ ನಾಕ ಮಂದಿ ಟೀವಿ ಮುಂದಿಂದ ಏಳವಲ್ರು."

*

ಕುವೈತಿನಲ್ಲಿ ಇಬ್ಬರಿಗೂ ಒಂದೇ ಖೋಲಿ. ಜೈನರ ಮನೆಯ ಸನ್ಮತಿ ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ರಮಜಾನಿನಲ್ಲಿ ಹುಮೈರಾ ಹೊತ್ತು ಮುಳುಗುವವರೆಗೆ ಉಣ್ಣುತ್ತಿರಲಿಲ್ಲ. ಒಬ್ಬಳು ತಾಟು ತೊಳೆದು ವಾರ್ಡಿಗೆ ಬಂದರೆ ಇನ್ನೊಬ್ಬಳು ಖರ್ಜೂರ ಹಿಡಿದು ಹೊರಡುತ್ತಿದ್ದಳು.

ಏಪ್ರಿಲ್ ಕೊನೆಗೆ ಸನ್ಮತಿ ಅವ್ವನಿಗೆ ವಿಡಿಯೋ ಕಾಲ್ ಮಾಡಿದಾಗ ಇಬ್ಬರೂ ಪಾಳಿ ಮುಗಿಸಿ ಗೋಡೆಗೊರಗಿ ಕೂತಿದ್ದರು.

"ನಿನ್ನ ತಮ್ಮನ್ನ ಫೌಜಿಗೆ ಕರೀತಾರೇನ?" ಸನ್ಮತಿ ಹಿಂದಿಯಲ್ಲಿ ಕೇಳಿದಳು.

"ಅವನನ್ನಾ? ಕಟಿಂಗ್ ಅಂಗಡಿಯವನು. ಗಿರಾಕಿಗಳ ಕಿವಿ ಉಳಿದರೆ ಸಾಕು."

ನಕ್ಕರು. ನಗು ಬೇಗ ಮುಗಿಯಿತು.

"ಖರೇನ ಯುದ್ಧ ಆದರ?"

ಹುಮೈರಾ ಊದಿದ ಪಾದ ಒತ್ತಿಕೊಂಡಳು. "ಆದರೂ ನಾಳೆಯ ಪಾಳಿ ನಮ್ಮದೇ." ಆಮೇಲೆ ಫೋನಿನತ್ತ ಬಾಗಿದಳು. "ಮೌಸೀ, ನಿಮ್ಮ ಮಗಳು ಮೂರು ದಿನದಿಂದ ಎದೆ ಹಿಡಿದುಕೊಳ್ಳುತ್ತಿದ್ದಾಳೆ. ರಜೆ ಕೇಳಿದರೆ ಕೊಡುತ್ತಿಲ್ಲ."

ಮಹಾರಾಷ್ಟ್ರದ ಗಡಿಯ ಊರಿನ ಲಕ್ಷ್ಮಿಬಾಯಿಗೆ ಅವಳ ಹಿಂದಿ ಮಾತು ತಿಳಿಯಿತು. ಸನ್ಮತಿ ಕೈಯಿಂದ ಕ್ಯಾಮೆರಾ ಮುಚ್ಚಿದಳು.

*

ಅಕ್ಕ ಹಿಂದೆ ಕೊಟ್ಟಿದ್ದ ನಂಬರಿಗೆ ಮೇಘಾ ತನ್ನ ಫೋನಿನಿಂದ ಬರೆದು, ಮತ್ತೊಮ್ಮೆ ಕಳಿಸೆಂದು ಹುಮೈರಾಳನ್ನು ಕೇಳಿದ್ದಳು. ಚಟ್ಟಕ್ಕೆ ಹೆಣ ಬಿಗಿಯುವಷ್ಟರಲ್ಲಿ ಅದೇ ಸಂದೇಶ ಮತ್ತೆ ಬಂತು.

"ಅವ್ವಾ, ಬಂತು."

ಬಾಹುಬಲಿ ಕೈ ಚಾಚಿದ. "ತಾ ಇಲ್ಲಿ. ಮಂದಿ ನೋಡಾಕತ್ತಾರ."

ಲಕ್ಷ್ಮಿಬಾಯಿ ನಡುವೆ ಬಂದು ಫೋನು ತೆಗೆದುಕೊಂಡಳು. ಒತ್ತಿದಳು. ಅಂಗಳದ ತುಂಬ ಬಿಕ್ಕುವ ಒಂದು ಹುಡುಗಿಯ ದನಿ:

"ಮೌಸೀ, ಅವಳು ಖೋಲಿಯಲ್ಲಿ ಸಾಯಲಿಲ್ಲ. ಡ್ಯೂಟಿಯ ಹದಿನಾಲ್ಕನೇ ತಾಸಿನಲ್ಲಿ..."

"ಬಂದ್ ಮಾಡ್ರಿ ವೈನಿ! ಹೊತ್ತಾತು, ಸರೀರಿ. ಎತ್ರೋ ನೀವು!"

ನಾಲ್ವರು ಬಾಗಿ ಬಿದಿರು ಹಿಡಿದರು. ಲಕ್ಷ್ಮಿಬಾಯಿ ಚಟ್ಟದ ಮುಂದೆ, ದಾರಿಗೆ ಅಡ್ಡವಾಗಿ, ನೆಲದ ಮೇಲೆ ಕೂತಳು.

"ನಾ ಸರಿಯಾಂಗಿಲ್ಲ."

ಫೋನು ಮಾತಾಡುತ್ತಲೇ ಇತ್ತು. ಎತ್ತಲು ಬಾಗಿದವರಲ್ಲೊಬ್ಬ ಬಿದಿರು ಬಿಟ್ಟು ಟೊಪ್ಪಿಗೆ ತೆಗೆದು ಕೂತ. ಆಮೇಲೆ ಇನ್ನೊಬ್ಬ.