ಬಟ್ಟೆಯ ಬಸಿರಿಗೆ ಉಡಿ

‘ನನಗ ಹಡದದ್ದು ಸಾಕು’ ಎಂದು ಊರೂರಿನ ಮಂದಿಯ ಎದುರು ನಾಟಕದಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದ ಬಾಲಮ್ಮನಿಗೆ, ಮನೆಯಲ್ಲಿ ಮಾತ್ರ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಮೂರು ಹೆಣ್ಣುಮಕ್ಕಳು. ಮೂರನೆಯ ಹೆರಿಗೆಯಲ್ಲಿ ಸತ್ತು ಬದುಕಿದ್ದಳು. ಸುರಪುರದ ದವಾಖಾನೆಯಲ್ಲಿ ಮಕ್ಕಳಾಗದಂತೆ ಆಪರೇಶನ್ ಮಾಡಿಸಿಕೊಂಡುಬಿಡಬೇಕು ಎಂಬುದೊಂದೇ ಅವಳ ಆಸೆ. ಗಂಡ ಅಂಬ್ರಪ್ಪನಿಗೂ ಅತ್ತೆ ತಿಮ್ಮವ್ವನಿಗೂ ಗಂಡು ಬೇಕು. ಹೇಳುವುದಾದರೂ ಹೇಗೆ?

ಬಾಲಮ್ಮನ ಬೀದಿನಾಟಕದ ಮೇಳದಲ್ಲಿ ಇದ್ದವರು ಮೂವರೇ ಹೆಂಗಸರು. ಶಹಾಪುರದಲ್ಲಿ ಬಟ್ಟೆ ಹೊಲಿಯುವ ಹಜರಾಬೀ ಅತ್ತೆಯ ಪಾತ್ರ. ಗುರುಮಠಕಲ್ಲಿನ ಯಾದಮ್ಮ ತಲೆಗೆ ಟವೆಲ್ ಸುತ್ತಿಕೊಂಡರೆ ಗಂಡ. ಬಾಲಮ್ಮ ಬಸುರಿ ಸೊಸೆ. ಒಬ್ಬಳದು ದಖನಿ ಉರ್ದು, ಒಬ್ಬಳದು ತೆಲುಗು, ಒಬ್ಬಳದು ಕನ್ನಡ. ಜಗಳಕ್ಕೆ ನಿಂತರೆ ಮೂರೂ ಕಲಸುಮೇಲೋಗರ. ಹಡೆಯುವ ನೋವಿನ ಮಾತು ಬಂದಾಗ ಮಾತ್ರ ಯಾರೂ ಯಾರಿಗೂ ಅರ್ಥ ಹೇಳಬೇಕಾಗುತ್ತಿರಲಿಲ್ಲ.

ಆ ದಿನದ ಆಟ ಬಾಲಮ್ಮನ ಗಂಡನ ಊರು ಕೆಂಭಾವಿಯಲ್ಲೇ, ಸಂತೆಯ ಬಯಲಿನಲ್ಲಿ. ತಿಮ್ಮವ್ವ ಸಂತೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮುಂದೆ ಕೂತಿದ್ದಳು. ಅಂಬ್ರಪ್ಪ ಹಿಂದೆ, ಚಹಾದಂಗಡಿಯ ಹತ್ತಿರ.

ಹಜರಾಬಿಯ ತಲೆಯ ಓಢಣಿಯನ್ನು ಉಂಡೆ ಸುತ್ತಿ ಕಟ್ಟಿದ ಹುಸಿ ಹೊಟ್ಟೆ ಹೊತ್ತು ಬಾಲಮ್ಮ ಬಂದು ನಿಂತಳೋ ಇಲ್ಲವೋ, ತಿಮ್ಮವ್ವ ಎದ್ದೇಬಿಟ್ಟಳು. ನಾಟಕವೋ ಮತ್ತೊಂದೋ, ತಮ್ಮ ಮನೆಯ ಸೊಸೆ ತುಂಬಿದ ಹೊಟ್ಟೆ ಇಟ್ಟುಕೊಂಡು ಖಾಲಿ ಉಡಿಯಲ್ಲಿ ನಾಲ್ಕು ಮಂದಿಯ ಮುಂದೆ ನಿಲ್ಲುವುದೆಂದರೇನು! ಚೀಲದಿಂದ ಕುಪ್ಪಸದ ಖಣ, ತೆಂಗಿನಕಾಯಿ, ಕಾಲುವೆ ನೀರಿಗೆ ಬೆಳೆದ ಅಕ್ಕಿ ತೆಗೆದುಕೊಂಡು ನೆಟ್ಟಗೆ ಆಟದೊಳಕ್ಕೆ ನುಗ್ಗಿದಳು. ನಿಜವಾದ ಅತ್ತೆಯನ್ನು ಕಂಡು ಆಟದ ಅತ್ತೆ ಹಜರಾಬೀ ತೆಪ್ಪಗೆ ಪಕ್ಕಕ್ಕೆ ಸರಿದಳು.

“ಸೆರಗ ಒಡ್ಡು. ಈ ಸಲ ಗಂಡು ಹಡಿ.”

ಹಿರಿಯರು ತುಂಬುವ ಉಡಿಗೆ ಒಲ್ಲೆ ಅನ್ನುವಂತಿಲ್ಲ. ಬಾಲಮ್ಮ ಸೆರಗೊಡ್ಡಿದಳು. ಅಕ್ಕಿ ಬೀಳುತ್ತಿದ್ದಂತೆ ಅವಳಿಗೆ ಅಳು ಒತ್ತಿ ಬಂತು. ಈಗ ಬಾಯಿ ಬಿಡದಿದ್ದರೆ ಇನ್ನೆಂದೂ ಇಲ್ಲ ಅನ್ನಿಸಿತು.

“ಅತ್ತಿ, ಉಡಿ ಬೇಕ್ರಿ. ಹಡಿಯೂದು ಸಾಕ್ರಿ.”

“ಇದು ಆಟದ ಮಾತೇನು?”

“ಅಲ್ರಿ, ನಂದ ಮಾತು. ಇನ್ನೊಂದು ಹಡದ್ರ ನಾ ಉಳಿಯಂಗಿಲ್ರಿ. ಆಪರೇಶನ್ ಮಾಡಿಸ್ಕೋತೀನ್ರಿ.”

ತಿಮ್ಮವ್ವನ ಮುಖ ಸಣ್ಣದಾದದ್ದನ್ನು ಬಾಲಮ್ಮ ನೋಡಿದಳು. ಕಳೆದ ಹೆರಿಗೆಯಲ್ಲಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತವಳು ಇವಳೇ. ಅದನ್ನು ಮರೆಯಲು ಅವಳೇನು ಕಲ್ಲೇ? ಆದರೂ ಬೆಳೆದ ಮಗನನ್ನು ಊರ ಮುಂದೆ ಬೈಯುವುದುಂಟೇ? ತಿಮ್ಮವ್ವ ಹೊರಳಿದ್ದು ಟವೆಲ್ ಸುತ್ತಿದ ಯಾದಮ್ಮನ ಕಡೆಗೆ. ದನಿ ಮಾತ್ರ ಚಹಾದಂಗಡಿಗೆ ಮುಟ್ಟುವಷ್ಟಿತ್ತು.

“ಏ ಗಂಡಸ! ಹೆಂಡ್ತಿ ಹೇಳಿದ್ದು ಕೇಳ್ಸಿಲ್ಲೇನು? ಗಂಡು ಗಂಡು ಅಂತ ನಾನೂ ಕುಣದೆ, ನೀನೂ ಕುಣದಿ. ಈಕಿ ಸತ್ರ ಆ ಮೂರು ಕೂಸಿಗೆ ಅವ್ವನ್ನ ಯಾವ ಸಂತ್ಯಾಗಿಂದ ತರ್ತಿ? ನಾಳೆ ಸುರಪುರಕ್ಕ ಕರ್ಕೊಂಡು ಹೋಗು. ಕೂಸುಗಳ್ನ ನಾ ನೋಡ್ಕೋತೀನಿ.”

ಯಾದಮ್ಮ ಬಾಯಿ ತೆರೆದಳು. ಇಂಥದ್ದಕ್ಕೆ ಅವಳಿಗೆ ಯಾರೂ ಮಾತು ಕಲಿಸಿರಲಿಲ್ಲ. ಹುಡುಕಿದರೆ ತೆಲುಗಿನಲ್ಲೂ ಸಿಗಲಿಲ್ಲ. ಉತ್ತರ ಬಂದದ್ದು ಚಹಾದಂಗಡಿಯ ಕಡೆಯಿಂದ.

“ಆತು ಬೇ ಯವ್ವ.”