ದೋಣಿಯೊಳಗಿನ ಹಲಗೆ

ಕಡಲ ದಡದ ಆ ಊರಿನಲ್ಲಿ ಸರ್ಕಾರಿ ಶಾಲೆ ಇರಲಿಲ್ಲವೆಂದಲ್ಲ, ಇತ್ತು. ಒಂದೇ ಕೋಣೆಯಲ್ಲಿ ಎಂಬತ್ತು ಮಕ್ಕಳು. ಮೇಷ್ಟ್ರ ದನಿ ಹಿಂದಿನ ಸಾಲಿಗೆ ಮುಟ್ಟುತ್ತಲೇ ಇರಲಿಲ್ಲ. ಮೀನು ಹೊಗೆಯಲ್ಲಿಟ್ಟು ಮಾರುವ ಅರಾಬಾಳ ಮಗಳು ಎಫುವಾ ಆ ಹಿಂದಿನ ಸಾಲಿನವಳು. ಎರಡು ವರ್ಷವಾದರೂ ಒಂದಕ್ಷರ ತಲೆಗೆ ಹತ್ತಿರಲಿಲ್ಲ.

"ಹಳದಿ ಬಸ್ಸಿನ ಖಾಸಗಿ ಶಾಲೆಗೇ ಹಾಕೋಣ ಕಣೆ" ಎಂದ ಅರಾಬಾಳ ಗಂಡ ಕ್ವಾಮೆನಾ. "ಬೂಟು, ಟೈ, ಇಂಗ್ಲಿಷು! ಬಸ್ಸು ಮನೆ ಮುಂದೆ ನಿಂತ್ರೆ ಊರೇ ತಿರುಗಿ ನೋಡುತ್ತೆ."

"ಬಸ್ಸಿನ ಬಣ್ಣ ನೋಡಿ ಮಗೂನ ಹಾಕ್ತೀಯೇನಣ್ಣ? ಬಣ್ಣ ನೋಡಿ ದೋಣಿ ಕೊಳ್ತೀಯಾ?" ಎಂದಳು ಪಕ್ಕದ ಮನೆಯ ಮಾನ್ಸಾ. ಅವಳ ಮಗಳು ಬಾಬಾ ಓದುತ್ತಿದ್ದುದು ಊರವರೇ ಕಟ್ಟಿದ ಶಾಲೆಯಲ್ಲಿ.

"ನಿಮ್ಮ ತೆಂಗಿನಗರಿ ಚಪ್ಪರದ ಶಾಲೇಲಿ ಬೆಂಚೂ ಇಲ್ಲ" ಎಂದು ಅವನು ಮೂಗು ಮುರಿದ.

"ನಾವೇ ಓದಿಲ್ಲ. ಶಾಲೆ ಅಳೆಯೋಕೆ ನಮಗೇನು ಗೊತ್ತು ಮಾನ್ಸಾ?" ಎಂದಳು ಅರಾಬಾ. ಮಗಳೂ ತನ್ನ ಹಾಗೇ ಉಳಿದರೆ ಎಂಬ ಭಯ ಅವಳಿಗೆ.

"ಕಿವಿ ಇದೆಯಲ್ಲ! ಮಂಗಳವಾರ ಬರಲಿ ತಾಳು."

ಮಂಗಳವಾರ ಕಡಲಿಗೆ ಬಿಡುವಿನ ದಿನ. ಅಂದು ಯಾರೂ ದೋಣಿ ಇಳಿಸುವುದಿಲ್ಲ. ಬಣ್ಣದ ಬರಹ ಹೊತ್ತ ದೋಣಿಗಳೆಲ್ಲ ದಡದಲ್ಲಿದ್ದವು. ಪರವೂರಿಂದ ಬಂದ ಹೊಸ ದೋಣಿಯೊಂದರ ಮುಂದೆ ಮಾನ್ಸಾ ತನ್ನ ಮಗಳನ್ನೂ ಹಳದಿ ಬಸ್ಸಿನ ಶಾಲೆಯ ಒಬ್ಬ ಹುಡುಗಿಯನ್ನೂ ನಿಲ್ಲಿಸಿದಳು. ಅದರ ಬರಹವನ್ನು ಊರಿನ ಮಕ್ಕಳಾರೂ ಕಂಡಿರಲಿಲ್ಲ. ಹಳದಿ ಬಸ್ಸಿನ ಶಾಲೆಯವಳು ಇಂಗ್ಲಿಷ್ ಪದ್ಯವೊಂದನ್ನು ಉಸಿರು ಬಿಡದೆ ಒಪ್ಪಿಸಿದಳು.

"ಭಲೆ! ಈಗ ಈ ದೋಣಿ ಮೇಲಿರೋದು ಓದು ಪುಟ್ಟಿ" ಎಂದಳು ಮಾನ್ಸಾ. ಊರ ಮಾತನ್ನೂ ಬರೆಯುವುದು ಇಂಗ್ಲಿಷ್ ಅಕ್ಷರಗಳಲ್ಲೇ.

ಹುಡುಗಿ ನೋಡಿದಳು, ನೋಡಿದಳು. "ಇದು ನಮ್ಮ ಪುಸ್ತಕದಲ್ಲಿಲ್ಲ" ಎಂದಳು. ಪಾಪ, ಅವಳ ತಪ್ಪಲ್ಲ. ಅರಾಬಾ ಅವಳ ಕೈಗೊಂದು ಹೊಗೆಮೀನು ಕೊಟ್ಟಳು.

ಬಾಬಾ ಅಕ್ಷರಗಳ ಮೇಲೆ ಬೆರಳಿಟ್ಟಳು. ತಡವರಿಸಿದಳು, ಹಿಂದೆ ಬಂದಳು, ಮತ್ತೆ ಹೊರಟಳು. "ಕಡಲಿಗೆ... ಬಾಗಿಲಿಲ್ಲ!"

"ಅದೇ ಅದೇ!" ಎಂದು ದೋಣಿಯ ಒಡೆಯ ತಲೆದೂಗಿದ.

ಅರಾಬಾಳ ಮೈ ಜುಮ್ಮೆಂದಿತು. ಮರದ ಹಲಗೆ ತಮ್ಮದೇ ಭಾಷೆಯಲ್ಲಿ ಮಾತಾಡಿತ್ತು, ಅದೂ ಏಳು ವರ್ಷದ ಮಗುವಿನ ಬಾಯಲ್ಲಿ!

"ಹಾಗಾದ್ರೆ ಬಾಬಾನ ಶಾಲೇನೇ ಸರಿ" ಎಂದ ಕ್ವಾಮೆನಾ.

"ನನ್ನ ಮಾತು ಕೇಳಿ ಹಾಕ್ಬೇಡಿ. ಹೋಗಿ ಹಿಂದಿನ ಸಾಲಲ್ಲಿ ಕೂತು ನೋಡಿ" ಎಂದಳು ಮಾನ್ಸಾ.

ಅರಾಬಾ ಹೋದಳು. ಬಸ್ಸಿನ ಶಾಲೆಯವರು ಕುರ್ಚಿ ಹಾಕಿ ತಣ್ಣನೆಯ ಸೋಡಾ ಕೊಟ್ಟರು, ತರಗತಿಯೊಳಗೆ ಬಿಡಲಿಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರು ಒಳ್ಳೆಯವರೇ, ಆದರೆ ಎಂಬತ್ತು ಮಕ್ಕಳಿಗೆ ಒಬ್ಬರೇ. ತೆಂಗಿನಗರಿಯ ಕೆಳಗೆ ಟೀಚರಮ್ಮ ಹಿಂದಿನ ಸಾಲಿಗೇ ಬಂದು, ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಮಗುವನ್ನು ಓದಿಸಿ ಕೇಳುತ್ತಿದ್ದಳು. ಎಫುವಾ ಅಲ್ಲಿಗೇ ಸೇರಿದಳು.

ಏಳು ತಿಂಗಳ ನಂತರದ ಒಂದು ಮಂಗಳವಾರ. ಕ್ವಾಮೆನಾ ಬಲೆಗಳನ್ನು ತೆಗೆದು ದೋಣಿ ತೊಳೆಯುತ್ತಿದ್ದ. ಅರಾಬಾಳ ತೀರಿಹೋದ ಅಪ್ಪ ಮಾಡಿಸಿದ್ದ ದೋಣಿ ಅದು. ಬಲೆಗಳ ಅಡಿಯ ಒಳಹಲಗೆಯಲ್ಲಿ ಏನೋ ಕೆತ್ತಿತ್ತು. "ಓದು ಬಂದಾಗ ಗೊತ್ತಾಗುತ್ತೆ ಮಗಳೇ" ಎನ್ನುತ್ತಿದ್ದ ಅಪ್ಪ. ಯಾವುದೋ ಪ್ರಾರ್ಥನೆ ಇರಬೇಕೆಂದು ಅವಳು ಸುಮ್ಮನಿದ್ದಳು.

ಎಫುವಾ ಒಳಗೆ ಬಾಗಿ ಬೆರಳಿಟ್ಟಳು. "ಅ... ರಾ... ಅವ್ವಾ, ನಿನ್ನ ಹೆಸರು! 'ಅರಾಬಾ ಹುಟ್ಟಿದಳು, ದೋಣಿ ಬಂತು' ಅಂತಿದೆ!"

ಮೂವತ್ತು ವರ್ಷ ಆ ದೋಣಿಯ ಮೀನು ಹೊತ್ತವಳು ಮರಳಿನ ಮೇಲೆ ಕುಸಿದು ಕೂತಳು. "ಇನ್ನೊಂದ್ಸಲ ಓದು ಕಂದಾ" ಎಂದಳು. ಎಫುವಾ ಮತ್ತೆ ಓದಿದಳು.

ಅಪ್ಪಂದಿರೇ, ಅಮ್ಮಂದಿರೇ, ಶಾಲೆ ಸರ್ಕಾರದ್ದಿರಲಿ, ಖಾಸಗಿಯದಿರಲಿ, ಊರವರದೇ ಇರಲಿ, ಸೇರಿಸುವ ಮುನ್ನ ಒಂದು ದಿನ ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ. ಅಲ್ಲಿಯ ಮಗುವೊಂದಕ್ಕೆ ಅದು ಹಿಂದೆಂದೂ ಕಾಣದ ಒಂದು ಸಾಲು ಕೊಟ್ಟು ಓದಿಸಿ. ನಮಗೆ ಓದು ಬಾರದೆಂದು ನಾಚಬೇಡಿ. ಕೇಳಲು ಬರುತ್ತದಲ್ಲ, ಅಷ್ಟು ಸಾಕು. ನಿಮ್ಮ ಹೆಸರೂ ಎಲ್ಲೋ ಬರೆದಿರಬಹುದು, ನಿಮ್ಮ ಮಗುವೇ ಅದನ್ನು ಓದಿ ಹೇಳಲಿ.