ಜರಡಿಯ ನೀಲಿ

ಹದಿನಾಲ್ಕನೇ ಗಾಜುಪಟ್ಟಿಯ ಮೇಲೆ ಇರಬಾರದ ಪರಾಗ ಕಂಡದ್ದರಿಂದ ನನ್ನ ಕೆಲಸಕ್ಕೇ ಕುತ್ತು ಬಂತು.

ನೆಲದಾಳದಿಂದ ಕೊರೆದು ತೆಗೆದ ಬಂಡೆಯ ಚೂರುಗಳನ್ನು ಕುಟ್ಟಿ, ಆಮ್ಲದಲ್ಲಿ ಕರಗಿಸಿ, ಕೂದಲೂ ತೂರದ ಜರಡಿಯಲ್ಲಿ ಸೋಸುವುದು ನನ್ನ ಕೆಲಸ. ಕೊನೆಗೆ ಉಳಿಯುವುದು ಎಷ್ಟೋ ಲಕ್ಷ ವರ್ಷಗಳ ಹಿಂದಿನ ಹೂಪುಡಿ. ಅದನ್ನು ಪದರಕ್ಕೊಂದು ಗಾಜುಪಟ್ಟಿಯಂತೆ ಸೂಕ್ಷ್ಮದರ್ಶಕದಲ್ಲಿ ನೋಡಿ, ಆಗ ಅಲ್ಲಿ ನದಿಯಿತ್ತೋ, ಜೌಗಿತ್ತೋ, ಸಮುದ್ರವಿತ್ತೋ ಎಂದು ಹೇಳುವವರು ಹೊಸದಾಗಿ ಬಂದ ಮೇಡಂ.

"ಹದಿಮೂರರವರೆಗೆ ಬರೀ ಸಿಹಿನೀರಿನ ಗಿಡಗಳು. ಹದಿನಾಲ್ಕರಲ್ಲಿ ಉಪ್ಪುನೀರಿನ ಮರ ಎಲ್ಲಿಂದ ಬಂತು? ಹದಿಮೂರಾದ ಮೇಲೆ ಹೋದ ವಾರ ಕಡಲದಂಡೆ ಮಣ್ಣು ಸೋಸಿದ್ಯಲ್ಲ, ಅದೇ ಜರಡಿಯಲ್ಲಿ ಉಳಿದಿದೆ. ಹೀಗಾದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ತೊಳೆದಿದ್ದೆ ಎಂದು ಹೇಳದೆ, ಜರಡಿಯನ್ನು ಮತ್ತೊಮ್ಮೆ ತೊಳೆದಿಟ್ಟು ಮನೆಗೆ ಹೊರಟೆ.

ಮನೆಯಲ್ಲಿ ಚಿಕ್ಕಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನನಗಿಂತ ಮೊದಲು ಇಪ್ಪತ್ತೆರಡು ವರ್ಷ ಆ ಜರಡಿ ಹಿಡಿದವಳು ಅವಳೇ. ನಡೆದದ್ದನ್ನು ಅವಳಿಗೆ ಹೇಳಿದೆ.

"ನೀಲಿಯಲ್ಲಿ ಅದ್ದಿದ್ಯೋ ಇಲ್ವೋ?"

"ಪ್ರತಿ ಸಲ ಅದ್ದಿದೀನಿ."

"ಮತ್ತೆ ಹೇಳೋಕೇನೇ ದಾಡಿ? ಬಾಯಿಗೆ ಬೀಗ ಹಾಕ್ಕೊಂಡು ಬಂದಿದಾಳೆ! ನೀನು ಹೇಳದಿದ್ರೆ ಜರಡಿ ಎದ್ದು ಬಂದು ಸಾಕ್ಷಿ ಹೇಳುತ್ತಾ?"

ಅದು ಚಿಕ್ಕಮ್ಮ ಕಲಿಸಿದ ಪದ್ಧತಿ. ಒಂದು ಚೂರು ಸೋಸಿ ಜರಡಿ ತೊಳೆದ ಮೇಲೆ ನೀಲಿ ಬಣ್ಣದ ನೀರಿನಲ್ಲಿ ಅದ್ದಿಡಬೇಕು. ಕಣ್ಣು ತಪ್ಪಿಸಿ ಉಳಿದ ಪರಾಗ ನೀಲಿಯಾಗುತ್ತದೆ. ಮುಂದಿನದರಲ್ಲಿ ಬೆರೆತರೆ ತಕ್ಷಣ ಸಿಕ್ಕಿಬೀಳುತ್ತದೆ.

ಮರುದಿನ ಬೆಳಿಗ್ಗೆ ನೀಲಿಯ ಬಾಟಲಿಯನ್ನು ಮೇಡಂ ಮೇಜಿನ ಮೇಲಿಟ್ಟು, ನೆಲ ನೋಡುತ್ತಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಹದಿನಾಲ್ಕನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸತೊಡಗಿದರು. ಎಣಿಕೆಯ ಗುಂಡಿ ಒತ್ತುವ ಅವರ ಹೆಬ್ಬೆರಳನ್ನೇ ನೋಡುತ್ತಾ ನಿಂತೆ. ಟಿಕ್, ಟಿಕ್. ಬೆರಳು ತಟ್ಟನೆ ನಿಂತಿತು.

"ಒಂದು ನೀಲಿ ಇದೆ."

ಮೇಜಿನಿಂದ ಬಾಟಲಿ ಎತ್ತಿಕೊಂಡು ಹೊರಡಲು ತಿರುಗಿದೆ.

"ಹುಲ್ಲಿನ ಪರಾಗ," ಎಂದರು ಮೇಡಂ. "ಹದಿಮೂರರಿಂದ ಉಳಿದದ್ದು. ನಿನ್ನೆ ಧೂಳು ಅಂದ್ಕೊಂಡು ಬಿಟ್ಟಿದ್ದೆ." ಮತ್ತೆ ಟಿಕ್, ಟಿಕ್. ಕೊನೆಗೆ ತಲೆಯೆತ್ತಿದರು. "ಉಪ್ಪುನೀರಿನ ಮರದ್ದು ನಲವತ್ತೊಂದು. ಎಲ್ಲಾ ಹಳದಿ, ಒಂದೂ ನೀಲಿಯಿಲ್ಲ. ನಿನ್ನ ಜರಡಿಯಿಂದ ಬಂದಿಲ್ಲ ಕಣೇ, ಬಂಡೆಯೊಳಗೇ ಇತ್ತು!"

ನಾನು ಹಿಡಿದಿದ್ದ ಉಸಿರು ಜೋರಾಗಿಯೇ ಹೊರಬಿತ್ತು. ಮೇಡಂ ನಕ್ಕುಬಿಟ್ಟರು.

ಗೋಡೆಯ ನಕ್ಷೆಯಲ್ಲಿ ಆ ಹಳೆಯ ನದಿಯ ಕವಲುಗಳು ಸಮುದ್ರಕ್ಕೆ ಸೇರುವ ಜಾಗವನ್ನು ಅವರು ಪೆನ್ಸಿಲಿನಲ್ಲಿ ಗುರುತಿಸಿದ್ದರು. ರಬ್ಬರಿನಿಂದ ಆ ಗೆರೆ ಅಳಿಸಿ, ನೆಲದ ಕಡೆಗೆ ಒಂದು ಗೇಣು ಒಳಗೆ ಹೊಸದಾಗಿ ಎಳೆದರು. ಹದಿನಾಲ್ಕನೇ ಪದರ ಕೂತ ಕಾಲಕ್ಕೆ ಉಬ್ಬರದ ನೀರು ಅಲ್ಲಿಯವರೆಗೂ ಬರುತ್ತಿತ್ತಂತೆ.

"ನಿನ್ನೆ ದುಡುಕಿದೆ, ಬೇಜಾರು ಮಾಡ್ಕೋಬೇಡ," ಎಂದರು. "ಸೋಮವಾರ ಹದಿನೈದು ಸೋಸೋಣ. ಆದ್ರೆ ಆ ಒಂದು ನೀಲಿ ಹೇಗೆ ಉಳೀತು? ಇನ್ನೂ ಚೆನ್ನಾಗಿ ತೊಳಿ."

"ಹೂಂ ಮೇಡಂ," ಎಂದೆ. ನಿನ್ನೆಯಿಂದ ಸತ್ತಿದ್ದ ಹಸಿವು ಎದ್ದು ಕೂತಿತ್ತು. ಗಡಿಯಾರ ಹತ್ತು ಹೊಡೆಯುವ ಮೊದಲೇ ಚಿಕ್ಕಮ್ಮ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿದೆ.